ವಿಜ್ಞಾನಿಯ ಕೆಲಸ ನೋಡಿ ಪುಟ ಕೊಡಿ: ಕನ್ನಡ ವಿಕಿಪೀಡಿಯದ ಸಂಪಾದಕರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕನ್ನಡ ವಿಕಿಪೀಡಿಯದ ಸಂಪಾದಕ ಮಿತ್ರರಿಗೆ, ನಮಸ್ಕಾರ.

ನಾನು ಕಾಸರಗೋಡಿನ ಕಡೆಯವಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆಯ ಕೆಲವು ಕನ್ನಡ ವಿದ್ಯಾರ್ಥಿಗಳು ಈಗ ಒಂದು ಒಳ್ಳೆಯ ಕೆಲಸಕ್ಕೆ ಹೊರಟಿದ್ದಾರೆ. ಈ ಜಿಲ್ಲೆಯಲ್ಲಿ ಹುಟ್ಟಿದ, ಅಥವಾ ಇಲ್ಲಿಗೆ ಬಂದು ದುಡಿದ ವಿಜ್ಞಾನಿಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯಬೇಕು ಅಂತ ಅವರ ಆಸೆ. ಪಟ್ಟಿ ಉದ್ದ ಇದೆ. ಇದರಲ್ಲಿ ಯಾರಿಗೆ ಪುಟ ಇರಬೇಕು, ಯಾರಿಗೆ ಬೇಡ ಅಂತ ನನ್ನನ್ನು ಕೇಳಿದರು. ನನಗೆ ತೋಚಿದ್ದನ್ನು ಅವರಿಗೆ ಹೇಳಿದ್ದೇನೆ. ಅದನ್ನೇ ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಯಾಕೆಂದರೆ ಅವರು ಬರೆದದ್ದು ಉಳಿಯುವುದೂ ಅಳಿಯುವುದೂ ನಿಮ್ಮ ಚರ್ಚೆಯಿಂದಲೇ.

ಮೊದಲೇ ಹೇಳಿಬಿಡುತ್ತೇನೆ, ನಿಯಮ ಸಡಿಲ ಮಾಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಪಿಎಚ್‌ಡಿ ಆದವರಿಗೆಲ್ಲ ಪುಟ ಕೊಟ್ಟರೆ ವಿಶ್ವಕೋಶ ಹೋಗಿ ಟೆಲಿಫೋನ್ ಡೈರೆಕ್ಟರಿ ಆಗುತ್ತದೆ. ಪಾಠ ಮಾಡುವುದು, ಪ್ರಬಂಧ ಪ್ರಕಟಿಸುವುದು, ಸಮ್ಮೇಳನಗಳಿಗೆ ಹೋಗುವುದು ಎಲ್ಲ ಒಬ್ಬ ಅಧ್ಯಾಪಕರ ದಿನದ ಕೆಲಸ. ನಾನೂ ಅದನ್ನೇ ಮಾಡಿದವಳು. ಅಷ್ಟಕ್ಕೇ ನನಗೊಂದು ಪುಟ ಬೇಡ. ಸೋಸಲೇಬೇಕು. ಆದರೆ ಯಾವುದನ್ನು ನೋಡಿ ಸೋಸುತ್ತೀರಿ ಎನ್ನುವುದರ ಬಗ್ಗೆ ನನಗೆ ಬಹಳ ಹೇಳಲಿಕ್ಕಿದೆ.

ಯಾರಿಗೆ ಪುಟ ಇರಬಹುದು ಅಂತ ಹೇಳುವ 'ಗಮನಾರ್ಹತೆ'ಯ ಸಾಮಾನ್ಯ ನಿಯಮ ನಿಮಗೆಲ್ಲ ಗೊತ್ತು. ಆ ವ್ಯಕ್ತಿಗೆ ಸಂಬಂಧ ಇಲ್ಲದ, ನಂಬಬಹುದಾದ ಮೂಲಗಳು ಅವರ ಬಗ್ಗೆ ಸ್ವಲ್ಪ ವಿವರವಾಗಿ ಬರೆದಿರಬೇಕು. ಸಿನಿಮಾ ನಟರಿಗೆ, ರಾಜಕಾರಣಿಗಳಿಗೆ, ಆಟಗಾರರಿಗೆ ಇದು ಸರಿಯಾಗಿ ಹೊಂದುತ್ತದೆ. ನಮ್ಮದೇ ಜಿಲ್ಲೆಯ ಸತ್ಯನಾರಾಯಣ ಬೆಳೇರಿಯವರನ್ನು ನೋಡಿ. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ ರೈತ ಅವರು. 2024ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳು ಅವರ ಮನೆಗೇ ಬಂದು ಬರೆದವು. ಅವರ ವಿಷಯದಲ್ಲಿ ಸಾಮಾನ್ಯ ನಿಯಮವೇ ಸಾಕು, ಚರ್ಚೆಯ ಅಗತ್ಯವೇ ಇಲ್ಲ.

ಪ್ರಯೋಗಾಲಯದಲ್ಲಿ ಕೂತ ವಿಜ್ಞಾನಿಯ ಮನೆಗೆ ಯಾವ ವರದಿಗಾರರೂ ಬರುವುದಿಲ್ಲ. ಅವರ ಬಗ್ಗೆ ಬರೆಯುವವರು ಬೇರೆ ವಿಜ್ಞಾನಿಗಳು. ಅದೂ ಅವರ ಬಾಲ್ಯ, ಮನೆ, ಹವ್ಯಾಸದ ಬಗ್ಗೆ ಅಲ್ಲ, ಅವರು ಕಂಡುಹಿಡಿದದ್ದರ ಬಗ್ಗೆ. 'ಇಂಥವರು ಇದನ್ನು ಮೊದಲು ತೋರಿಸಿದರು, ನಾವು ಅಲ್ಲಿಂದ ಮುಂದುವರಿಸಿದೆವು' ಎನ್ನುವ ಒಂದು ಸಾಲು ಬೇರೆ ಬೇರೆ ದೇಶದವರ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಜ್ಞಾನಿಯ ಬಗ್ಗೆ ಬಂದ ವರದಿ ಅಂದರೆ ಅದೇ. ಇಂಗ್ಲಿಷ್ ವಿಕಿಪೀಡಿಯದವರು ಇದನ್ನು ಒಪ್ಪಿಕೊಂಡೇ ಶಿಕ್ಷಣ ಮತ್ತು ಸಂಶೋಧನೆಯವರಿಗೆಂದು ಬೇರೆ ಮಾನದಂಡ ಮಾಡಿಕೊಂಡಿದ್ದಾರೆ. ಸಂಶೋಧನೆ ಆ ಕ್ಷೇತ್ರದ ಮೇಲೆ ದೊಡ್ಡ ಪರಿಣಾಮ ಬೀರಿದೆಯೇ? ರಾಷ್ಟ್ರ ಅಥವಾ ಅಂತಾರಾಷ್ಟ್ರ ಮಟ್ಟದ ದೊಡ್ಡ ಪ್ರಶಸ್ತಿ ಇದೆಯೇ? ಬಹಳ ಆರಿಸಿ ತೆಗೆದುಕೊಳ್ಳುವ ಅಕಾಡೆಮಿಯ ಫೆಲೋ ಆಗಿದ್ದಾರೆಯೇ? ದೊಡ್ಡ ವಿಶ್ವವಿದ್ಯಾಲಯದ ಮುಖ್ಯಸ್ಥರೋ, ಹೆಸರಾದ ಸಂಶೋಧನಾ ಪತ್ರಿಕೆಯ ಪ್ರಧಾನ ಸಂಪಾದಕರೋ ಆಗಿದ್ದರೇ? ಅವರ ವಿದ್ಯೆಯಿಂದ ಹೊರಗಿನ ಸಮಾಜದಲ್ಲಿ ಏನಾದರೂ ಬದಲಾಯಿತೇ? ಹೀಗೆ ಕೆಲವು ಪ್ರಶ್ನೆಗಳು. ಇವುಗಳಲ್ಲಿ ಒಂದಕ್ಕೆ ಆಧಾರ ಸಮೇತ ಹೌದು ಅಂತ ಹೇಳಲಿಕ್ಕಾದರೆ ಸಾಕು, ಎಲ್ಲವೂ ಬೇಕಿಲ್ಲ. ಒಂದೊಂದು ಭಾಷೆಯ ವಿಕಿಪೀಡಿಯ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳಬಹುದು. ಹಾಗಾಗಿ ಅವರದ್ದನ್ನು ಹಾಗೇ ತರಬೇಕೆಂದು ನಾನು ಹೇಳುವುದಿಲ್ಲ. ಅದರ ಹಿಂದಿನ ವಿಚಾರ ನಮಗೂ ಬೇಕು.

ನಿಯಮ ಇದ್ದರೂ ಓದುವ ಕಣ್ಣು ಪತ್ರಿಕಾ ವರದಿಯನ್ನೇ ಹುಡುಕಿದರೆ ಏನಾಗುತ್ತದೆ ಎನ್ನುವುದಕ್ಕೆ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಕಥೆ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಭೌತವಿಜ್ಞಾನಿ. ಲೇಸರ್ ಮಿಡಿತಗಳನ್ನು ಬಹಳ ಚಿಕ್ಕದಾಗಿ, ಬಹಳ ಶಕ್ತಿಯುತವಾಗಿ ಮಾಡುವ ವಿಧಾನವನ್ನು ಜೆರಾರ್ಡ್ ಮೂರೂ ಜೊತೆ ಸೇರಿ 1985ರಲ್ಲೇ ಪ್ರಕಟಿಸಿದವರು. 2018ರ ಮೇ ತಿಂಗಳಿನಲ್ಲಿ ಅವರ ಬಗ್ಗೆ ಯಾರೋ ಬರೆದ ಕರಡು ಲೇಖನವನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿರಸ್ಕರಿಸಿದರು. ಕೊಟ್ಟ ಉಲ್ಲೇಖಗಳಿಂದ ಗಮನಾರ್ಹತೆ ಕಾಣುವುದಿಲ್ಲ ಎನ್ನುವುದು ಕಾರಣ. ಅದೇ ವರ್ಷ ಅಕ್ಟೋಬರ್ 2ಕ್ಕೆ ಅವರಿಗೆ ನೊಬೆಲ್ ಘೋಷಣೆ ಆಯಿತು. ಮೇರಿ ಕ್ಯೂರಿ, ಮರಿಯಾ ಗೋಪರ್ಟ್ ಮೇಯರ್ ಆದ ಮೇಲೆ ಭೌತವಿಜ್ಞಾನದ ನೊಬೆಲ್ ಪಡೆದ ಮೂರನೇ ಮಹಿಳೆ. ಘೋಷಣೆ ಆಗುವ ಹೊತ್ತಿಗೆ ಅವರಿಗೆ ಅಲ್ಲಿ ಒಂದು ಪುಟವೂ ಇರಲಿಲ್ಲ.

ಈ ಕಥೆ ಹೇಳುವವರು ಸಾಮಾನ್ಯವಾಗಿ ನೊಬೆಲ್ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಸ್ಟ್ರಿಕ್‌ಲ್ಯಾಂಡ್ 2008ರಲ್ಲೇ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಫೆಲೋ ಆಗಿದ್ದರು, 2013ರಲ್ಲಿ ಅದರ ಅಧ್ಯಕ್ಷೆಯೂ ಆಗಿದ್ದರು. ಅಂದರೆ ನೊಬೆಲ್ ಬರುವ ಎಷ್ಟೋ ಮೊದಲೇ ಮಾನದಂಡದಲ್ಲಿ ಪಾಸಾಗಿದ್ದರು. ನಿಯಮ ಇತ್ತು, ಆಧಾರವೂ ಇತ್ತು. ಎರಡನ್ನೂ ಸೇರಿಸಿ ನೋಡುವ ಕೆಲಸ ಆಗಲಿಲ್ಲ. ಅಲ್ಲಿ ಸಾವಿರಾರು ಸಂಪಾದಕರಿದ್ದೂ ಹೀಗಾಯಿತು. ನಮ್ಮಲ್ಲಿ ಕೈಗಳೇ ಕಡಿಮೆ. ನಮ್ಮಲ್ಲಿ ಇನ್ನೂ ಸುಲಭವಾಗಿ ಆಗಬಹುದು, ಅಲ್ವಾ?

ಈಗ ನಮ್ಮ ನೆಲಕ್ಕೆ ಬರುತ್ತೇನೆ. ಕಾಸರಗೋಡು ಅಂದರೆ ಹೊರಗಿನವರಿಗೆ ಗಡಿ, ಭಾಷೆ, ಮಹಾಜನ ವರದಿ. ಆದರೆ ಇದು ವಿಜ್ಞಾನದ ಊರೂ ಹೌದು. 1916ರಲ್ಲಿ, ನಾವಿನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದೊಳಗೆ ಇದ್ದಾಗ, ಇಲ್ಲಿ ಮತ್ತು ನೀಲೇಶ್ವರದಲ್ಲಿ ತೆಂಗಿನ ಸಂಶೋಧನಾ ಕೇಂದ್ರಗಳು ಶುರುವಾದವು. ಕಾಸರಗೋಡಿನ ಆ ಕೇಂದ್ರವೇ ಬೆಳೆದು 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಆಯಿತು. ನಮ್ಮ ಬಾಯಲ್ಲಿ ಸಿಪಿಸಿಆರ್‌ಐ.

ನೀಲೇಶ್ವರದಲ್ಲಿ 1932ರಲ್ಲಿ ಒಂದು ಕೆಲಸ ಆಯಿತು. ಜೆ. ಎಸ್. ಪಟೇಲ್ ಎನ್ನುವ ವಿಜ್ಞಾನಿ ಪಶ್ಚಿಮ ಕರಾವಳಿಯ ಎತ್ತರ ತಳಿಯ ತೆಂಗಿಗೆ ಚಾವಕ್ಕಾಡಿನ ಹಸಿರು ಗಿಡ್ಡ ತಳಿಯ ಪರಾಗ ಕೊಟ್ಟು ಸಂಕರ ಮಾಡಿಸಿದರು. ಹುಟ್ಟಿದ ಸಸಿಗಳು ಎರಡೂ ಹೆತ್ತವರಿಗಿಂತ ಹುರುಪಾಗಿ ಬೆಳೆದವು. 1937ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷ ತೆಂಗಿನ ಬಗ್ಗೆ ಇಡೀ ಒಂದು ಗ್ರಂಥವೇ ಬಂತು. ಎತ್ತರ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು, ಕೆಲವೊಮ್ಮೆ ಜಾಸ್ತಿ. ಒಂದು ಸಂಕರ ಸರಿಯೋ ತಪ್ಪೋ ಅಂತ ನಿಶ್ಚಯ ಮಾಡಲು ಅದಕ್ಕೂ ಹೆಚ್ಚು ಕಾಲ ಬೇಕು. ತೆಂಗಿನ ತಳಿ ವಿಜ್ಞಾನಿ ತನ್ನ ಇಡೀ ನೌಕರಿಯಲ್ಲಿ ಒಂದೆರಡು ತಲೆಮಾರಿನ ಮರ ಕಾಣಬಹುದು, ಅಷ್ಟೇ. ಇವತ್ತು ನಮ್ಮ ತೋಟಗಳಿಗೆ ಬರುವ ಚಂದ್ರಸಂಕರದಂಥ ಸಂಕರ ಸಸಿಗಳ ಹಿಂದೆ ನೀಲೇಶ್ವರದ ಆ ಪ್ರಯೋಗ ಇದೆ.

ಪಟೇಲ್ ಅವರನ್ನು ಈಗಿನ ರೀತಿಯಲ್ಲಿ ಅಳೆಯಲು ಹೋಗಿ. ಸಂಶೋಧನಾ ಪ್ರಬಂಧಗಳನ್ನು ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಪ್ರೊಫೈಲ್ ಸಿಗುವುದಿಲ್ಲ. ಆಗಿನ ಮದ್ರಾಸ್ ಸರಕಾರದ ಪ್ರಕಟಣೆಗಳು ಎಲ್ಲಾ ಡೇಟಾಬೇಸ್‌ಗಳಲ್ಲಿ ಇರುವುದಿಲ್ಲ. ದಿನಪತ್ರಿಕೆಯ ಸಂದರ್ಶನವಂತೂ ಇಲ್ಲ. ಆದರೆ ತೆಂಗಿನ ತಳಿ ಅಭಿವೃದ್ಧಿಯ ಇತಿಹಾಸ ಬರೆಯುವವರು ನೀಲೇಶ್ವರವನ್ನೂ ಅವರ ಹೆಸರನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ. ಈ ವಿದ್ಯಾರ್ಥಿ ಮಕ್ಕಳಿಗೆ ನಾನು ತೋರಿಸಿದ ಮೊದಲ ಉದಾಹರಣೆ ಇದು. ಆ ಕ್ಷೇತ್ರದ ಹಿಂದಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ನೋಡುವ ವಿಮರ್ಶಾ ಪ್ರಬಂಧಗಳನ್ನೂ ಪಠ್ಯಪುಸ್ತಕಗಳನ್ನೂ ತೆಗೆದು ನೋಡಿ, ಅಲ್ಲಿ ಹೆಸರು ಬರುತ್ತದೆಯೇ, ಯಾವ ಮಾತಿಗೆ ಬರುತ್ತದೆ ಅಂತ ಬರೆದುಕೊಳ್ಳಿ ಅಂತ ಹೇಳಿದ್ದೇನೆ. ಒಂದು ದೊಡ್ಡ ಪಟ್ಟಿಯ ನಡುವೆ ಹೆಸರು ಬರುವುದು ಬೇರೆ. 'ಈ ವಿಧಾನ ಇವರದು' ಅಂತ ಎರಡು ವಾಕ್ಯ ಬರುವುದು ಬೇರೆ.

ನೆರೆಯ ತಲಶ್ಶೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ವಿಷಯ ಸುಲಭ. ಕೊಯಮತ್ತೂರಿನಲ್ಲಿ ಕಬ್ಬಿನ ಕ್ರೋಮೋಸೋಮ್ ಅಧ್ಯಯನ, 1935ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋ, 1945ರಲ್ಲಿ ಬ್ರಿಟಿಷ್ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆ ಬೆಳೆಗಳ ಕ್ರೋಮೋಸೋಮ್ ವಿವರದ ಗ್ರಂಥ, 1977ರಲ್ಲಿ ಪದ್ಮಶ್ರೀ. ಒಂದೇ ನೋಟಕ್ಕೆ ತೀರ್ಮಾನ ಆಗುತ್ತದೆ. ಕಷ್ಟ ಬರುವುದು ಇಷ್ಟು ಎದ್ದು ಕಾಣದವರ ವಿಷಯದಲ್ಲಿ.

ಅಲ್ಲಿ ಜನ ಸಂಖ್ಯೆಗಳಿಗೆ ಜೋತು ಬೀಳುತ್ತಾರೆ. ಎಚ್-ಇಂಡೆಕ್ಸ್ ಅಂತ ಒಂದಿದೆ. ಹಾರ್ಹೆ ಹಿರ್ಷ್ ಎನ್ನುವ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ್ದು. ಒಬ್ಬರ ಎಚ್-ಇಂಡೆಕ್ಸ್ 20 ಅಂದರೆ, ಅವರ 20 ಪ್ರಬಂಧಗಳಲ್ಲಿ ಒಂದೊಂದನ್ನೂ ಬೇರೆ ಪ್ರಬಂಧಗಳು ಕನಿಷ್ಠ 20 ಸಲವಾದರೂ ಉಲ್ಲೇಖಿಸಿವೆ ಅಂತ ಅರ್ಥ. ಕೆಲಸಕ್ಕೆ ಬರುವ ಸೂಚಕವೇ. ಆದರೆ ವೈದ್ಯಕೀಯ, ಜೀವರಸಾಯನದಲ್ಲಿ ಪ್ರಬಂಧಗಳೂ ಜಾಸ್ತಿ, ಉಲ್ಲೇಖಗಳೂ ಜಾಸ್ತಿ. ಗಣಿತದಲ್ಲಿ ಕಡಿಮೆ. ಅಡಿಕೆಯ ರೋಗದ ಬಗ್ಗೆ ಕೆಲಸ ಮಾಡುವವರು ಜಗತ್ತಿನಲ್ಲೇ ಎಷ್ಟು ಜನ ಇದ್ದಾರೆ? ಅವರೆಲ್ಲ ಸೇರಿ ಒಬ್ಬರನ್ನು ಉಲ್ಲೇಖಿಸಿದರೂ ಸಂಖ್ಯೆ ದೊಡ್ಡದಾಗುವುದಿಲ್ಲ. ಅಡಿಕೆ ವಿಜ್ಞಾನಿಯನ್ನು ಕ್ಯಾನ್ಸರ್ ವಿಜ್ಞಾನಿಯ ಸಂಖ್ಯೆಯ ಪಕ್ಕ ಇಟ್ಟು ಸಣ್ಣವರು ಅಂತ ಹೇಳಿದರೆ ಅದು ಅನ್ಯಾಯ. ಅವರದೇ ಕ್ಷೇತ್ರದ ಉಳಿದವರ ಪಕ್ಕ ಇಟ್ಟು ನೋಡಬೇಕು.

ಹೆಸರಿನ ಗೊಂದಲ ಬೇರೆ. ಕೆ. ಭಟ್, ಎಸ್. ರಾವ್, ಎ. ಶೆಟ್ಟಿ ಅಂತ ಹುಡುಕಿದರೆ ಹತ್ತಾರು ಜನರ ಪ್ರಬಂಧಗಳು ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆ. ಒಬ್ಬರ ಕೀರ್ತಿ ಇನ್ನೊಬ್ಬರ ತಲೆಗೆ ಹೋಗುತ್ತದೆ. ಸಂಸ್ಥೆ, ವರ್ಷ, ಸಹಲೇಖಕರು, ಇದ್ದರೆ ಆರ್ಕಿಡ್ (ORCID) ಎನ್ನುವ ಸಂಶೋಧಕರ ಗುರುತಿನ ಸಂಖ್ಯೆ, ಇಷ್ಟನ್ನೂ ತಾಳೆ ನೋಡದೆ ಯಾವ ಸಂಖ್ಯೆಯನ್ನೂ ಬರೆಯಬಾರದು.

ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ವರ್ಷಗಳಿಂದ 'ವಿಶ್ವದ ಅಗ್ರ 2 ಶೇಕಡಾ ವಿಜ್ಞಾನಿಗಳ ಸ್ಟ್ಯಾನ್‌ಫರ್ಡ್ ಪಟ್ಟಿಯಲ್ಲಿ ನಮ್ಮೂರ ಪ್ರಾಧ್ಯಾಪಕರು' ಎನ್ನುವ ಸುದ್ದಿ ಪ್ರತಿ ವರ್ಷ ಬರುತ್ತದೆ. ಆ ಪಟ್ಟಿ ನಿಜ. ಸ್ಟ್ಯಾನ್‌ಫರ್ಡ್‌ನ ಜಾನ್ ಯೋನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್ ಡೇಟಾಬೇಸಿನಿಂದ ಲೆಕ್ಕ ಹಾಕಿ ತಯಾರಿಸುವುದು. ಆದರೆ ಅದು ಆ ವಿಶ್ವವಿದ್ಯಾಲಯ ಆರಿಸಿ ಕೊಡುವ ಪ್ರಶಸ್ತಿ ಅಲ್ಲ. ಅದರಲ್ಲಿ ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ. ಇಡೀ ವೃತ್ತಿಜೀವನದ ಪಟ್ಟಿ ಬೇರೆ, ಒಂದೇ ವರ್ಷದ ಪಟ್ಟಿ ಬೇರೆ. ಪತ್ರಿಕೆಯ ಸುದ್ದಿಯಲ್ಲಿ ಯಾವುದು ಅಂತ ಎಷ್ಟೋ ಸಲ ಹೇಳಿರುವುದೇ ಇಲ್ಲ. ಆ ಸುದ್ದಿ ಒಂದನ್ನೇ ಉಲ್ಲೇಖವಾಗಿ ಕೊಟ್ಟ ಲೇಖನ ಬಂದರೆ ದಯವಿಟ್ಟು ಒಪ್ಪಬೇಡಿ. ಪಟ್ಟಿಯಲ್ಲಿ ಹೆಸರು ಯಾಕೆ ಬಂತು, ಯಾವ ಕೆಲಸಕ್ಕೆ ಬಂತು ಅಂತ ಕೇಳಿ. ಉತ್ತರ ಗಟ್ಟಿ ಇದ್ದರೆ ಆ ಉತ್ತರವೇ ಲೇಖನ ಆಗುತ್ತದೆ.

ಸನ್ಮಾನದ ವಿಷಯವೂ ಹಾಗೇ. ನಮ್ಮ ಕಡೆ ಸನ್ಮಾನ ಮಾಡುವುದು ಪ್ರೀತಿಯ ಕೆಲಸ. ಶಾಲು, ಹಾರ, ಹಣ್ಣಿನ ತಟ್ಟೆ, ಫಲಕ, ಮರುದಿನ ಪತ್ರಿಕೆಯಲ್ಲಿ ಫೋಟೋ. ನಿವೃತ್ತಿ ಆದಾಗ ಶಿಷ್ಯರು ಸೇರಿ ಅಭಿನಂದನ ಗ್ರಂಥ ತರುತ್ತಾರೆ. ಅದರಲ್ಲಿ ಒಳ್ಳೆಯ ಮಾಹಿತಿ ಇರುತ್ತದೆ, ಹುಟ್ಟಿದ ಊರು, ಓದಿದ ಶಾಲೆ, ಗುರುಗಳು. ಅದನ್ನೆಲ್ಲ ಬಳಸಿಕೊಳ್ಳಿ. ಆದರೆ ಅವರನ್ನು ಪ್ರೀತಿಸುವವರೇ ಬರೆದದ್ದು ಸ್ವತಂತ್ರ ಮೂಲ ಆಗುವುದಿಲ್ಲ. ಸಂಸ್ಥೆಯ ವೆಬ್‌ಸೈಟೂ ಅಷ್ಟೇ. ಯಾವ ವರ್ಷ ನಿರ್ದೇಶಕರಾದರು ಎನ್ನುವುದಕ್ಕೆ ಅದು ಸಾಕು, ಅವರ ಸಂಶೋಧನೆ ದೊಡ್ಡದು ಎನ್ನುವುದಕ್ಕೆ ಸಾಲದು. ದುಡ್ಡು ಕಟ್ಟಿಸಿಕೊಂಡು ಕೊಡುವ 'ಅಂತಾರಾಷ್ಟ್ರೀಯ' ಪ್ರಶಸ್ತಿಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ವಿಜ್ಞಾನಿಗಳಿಗೆ ಕೇಂದ್ರ ಸರಕಾರ ಕೊಡುವ ಭಟ್ನಾಗರ್ ಪ್ರಶಸ್ತಿಗೂ ಅವುಗಳಿಗೂ ಇರುವ ದೂರ ವಿಜ್ಞಾನ ಓದದವರಿಗೂ ಗೊತ್ತಾಗುವಂತೆ ಒಂದು ಪಟ್ಟಿ ನಿಮ್ಮ ಸಹಾಯ ಪುಟದಲ್ಲಿ ಇದ್ದರೆ ಹೊಸಬರಿಗೆ ತುಂಬ ಉಪಕಾರ ಆಗುತ್ತದೆ.

ಎಲ್ಲಕ್ಕಿಂತ ತಲೆ ಕೆಡಿಸುವುದು ತಂಡದ ಕೆಲಸ. ಹಿಗ್ಸ್ ಎನ್ನುವ ಮೂಲಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಒಂದು ಪ್ರಬಂಧಕ್ಕೆ 5,154 ಲೇಖಕರು. ಅದರಲ್ಲಿ ಒಬ್ಬರಾಗಿದ್ದರೆ ಪುಟ ಸಿಗಬೇಕೇ? ಬೇಡ. ಹಾಗಂತ ತಂಡದಲ್ಲಿದ್ದವರು ಯಾರೂ ಬೇಡ ಎನ್ನುವುದೂ ಸರಿಯಲ್ಲ. ಅಮೆರಿಕದ ಕ್ಲಾರಿಸ್ ಫೆಲ್ಪ್ಸ್ 117ನೇ ಧಾತುವಿನ ತಯಾರಿಗೆ ಬೇಕಾದ ಬರ್ಕೀಲಿಯಮ್ ಎನ್ನುವ ಧಾತುವನ್ನು ಶುದ್ಧ ಮಾಡಿದ ತಂಡದಲ್ಲಿದ್ದವರು. ಅವರ ಪುಟವನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ 2019ರಲ್ಲಿ ಅಳಿಸಿದರು. ಬಹಳ ಜಗಳ ಆಗಿ 2020ರಲ್ಲಿ ಮತ್ತೆ ಬಂತು. ಎರಡೂ ಕಡೆಯವರ ವಾದದಲ್ಲಿ ಹುರುಳಿತ್ತು.

ನಮ್ಮಲ್ಲಿ ಈ ಪ್ರಶ್ನೆ ತಳಿಗಳ ರೂಪದಲ್ಲಿ ಬರುತ್ತದೆ. ಸಿಪಿಸಿಆರ್‌ಐಯ ವಿಟ್ಲದ ಕೇಂದ್ರದಿಂದ 1972ರಲ್ಲಿ ಬಂದ ಮಂಗಳ ಅಡಿಕೆಯನ್ನು ತೆಗೆದುಕೊಳ್ಳಿ. ಚೀನಾದಿಂದ ತಂದ ಅಡಿಕೆಯಿಂದ ಆರಿಸಿದ ತಳಿ. ಗಡಿಯ ಆಚೆ ಈಚೆ ಎರಡೂ ಕಡೆ ಅದನ್ನು ನೆಟ್ಟ ತೋಟಗಳಿವೆ. ಬೀಜ ತಂದವರು, ನೆಟ್ಟವರು, ವರ್ಷಗಟ್ಟಲೆ ಗೊನೆ ತೂಗಿದವರು, ಆರಿಸಿದವರು, ಬಿಡುಗಡೆಗೆ ಶಿಫಾರಸು ಬರೆದವರು ಎಲ್ಲರೂ ಬೇರೆ ಬೇರೆ. ಇದರಲ್ಲಿ ಒಬ್ಬರನ್ನು ಎತ್ತಿ 'ಮಂಗಳ ಅಡಿಕೆಯ ಜನಕ' ಅಂತ ಬರೆಯುವುದು ಸುಳ್ಳಾಗಬಹುದು. ಅದಕ್ಕಿಂತ ತಳಿಯ ಬಗ್ಗೆ ಒಂದು ಒಳ್ಳೆಯ ಲೇಖನ, ಕೇಂದ್ರದ ಬಗ್ಗೆ ಒಂದು ಒಳ್ಳೆಯ ಲೇಖನ ಬರಲಿ. ಎಲ್ಲರ ಹೆಸರು ಅಲ್ಲಿ ಬರಲಿ. ಪ್ರತ್ಯೇಕ ಪುಟ ಸಿಗದವರಿಗೆ ಇದು ಅವಮಾನ ಅಲ್ಲ. ಈ ವಿದ್ಯಾರ್ಥಿಗಳ ಪಟ್ಟಿಯ ಅರ್ಧಕ್ಕರ್ಧ ಹೆಸರುಗಳಿಗೆ ಸರಿಯಾದ ಜಾಗ ಅದೇ ಅಂತ ನನ್ನ ಅಭಿಪ್ರಾಯ. ಅವರಿಗೆ ಬೇಸರ ಆಯಿತು, ಆದರೂ ಹೇಳಿದೆ.

ಹೊರಗಿನ ಸಮಾಜದ ಮೇಲಿನ ಪರಿಣಾಮಕ್ಕೆ ಕಾಸರಗೋಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗೇರು ತೋಟಗಳ ಮೇಲೆ 20 ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಪಡ್ರೆ, ಸ್ವರ್ಗ, ಎಣ್ಮಕಜೆ ಎನ್ನುವ ಊರುಗಳ ಮನೆಗಳಲ್ಲಿ ಏನಾಯಿತು ಅಂತ ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪಡ್ರೆಯ ಮಕ್ಕಳನ್ನು ಪರೀಕ್ಷೆ ಮಾಡಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ವರದಿ ಕೊಟ್ಟರು. ಹಬೀಬುಲ್ಲಾ ಸಯ್ಯದ್ ಮತ್ತು ಜೊತೆಗಾರರ ಪ್ರಬಂಧ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಅದೇ ವರ್ಷ ಮೇ 13ಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಇಂಥ ಕೆಲಸ ಮಾಡಿದ ವಿಜ್ಞಾನಿಯನ್ನು ತೂಗುವಾಗ ಉಲ್ಲೇಖದ ಸಂಖ್ಯೆ ಒಂದೇ ನೋಡಿದರೆ ಸಾಕೇ? ನ್ಯಾಯಾಲಯದ ದಾಖಲೆ, ಸರಕಾರದ ಆದೇಶ, ಅಂತಾರಾಷ್ಟ್ರೀಯ ಸಮಿತಿಯ ಕಡತ, ಇವುಗಳಲ್ಲಿ ಅವರ ಅಧ್ಯಯನ ಎಲ್ಲಿ ಬಳಕೆಯಾಗಿದೆ ಅಂತ ನೋಡಿ. ಆ ಅಧ್ಯಯನಗಳನ್ನು ಪ್ರಶ್ನಿಸಿದವರೂ ಇದ್ದರು. ಅದನ್ನೂ ಲೇಖನದಲ್ಲಿ ಬರೆಯಬೇಕು. ವಿವಾದ ಇದೆ ಎನ್ನುವುದು ಪುಟ ಅಳಿಸಲು ಕಾರಣ ಆಗಬಾರದು.

ಗಡಿನಾಡಿನವಳಾಗಿ ಒಂದು ವಿಶೇಷ ಕೋರಿಕೆ. ಇಲ್ಲಿನ ವಿಜ್ಞಾನಿಯ ಬಗ್ಗೆ ಬೆಂಗಳೂರಿನ ಪತ್ರಿಕೆಗಳಲ್ಲಿ ಏನೂ ಸಿಗದೇ ಇರಬಹುದು. ಮಲಯಾಳ ಪತ್ರಿಕೆಗಳಲ್ಲಿ ಸಿಗಬಹುದು. ಮೂಲ ಯಾವ ಭಾಷೆಯಲ್ಲಿದ್ದರೂ ಉಲ್ಲೇಖವಾಗಿ ಕೊಡಬಹುದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿದೆ, ಸಿಗಲಿಲ್ಲ ಅಂತ ಅಳಿಸಲು ಹಾಕುವ ಮೊದಲು ಮಲಯಾಳ ಓದುವವರನ್ನು ಒಮ್ಮೆ ಕೇಳಿ. ಇಲ್ಲಿ ಅಂಥವರಿಗೆ ಬರ ಇಲ್ಲ. ಮತ್ತೆ, 1956ಕ್ಕಿಂತ ಮೊದಲಿನ ದಾಖಲೆಗಳಲ್ಲಿ ಈ ಊರುಗಳು ಮದ್ರಾಸ್, ಸೌತ್ ಕೆನರಾ ಹೆಸರಿನಡಿ ಇವೆ. ಕಾಸರಗೋಡು ಜಿಲ್ಲೆ ಆದದ್ದೇ 1984ರಲ್ಲಿ. ಕೇರಳ ಅಂತ ಹುಡುಕಿದರೆ ಹಳಬರು ಸಿಗುವುದೇ ಇಲ್ಲ.

ಮಕ್ಕಳಿಗೆ ನಾನು ಹಾಕಿದ ಕೆಲವು ಕಟ್ಟುಪಾಡುಗಳನ್ನೂ ತಿಳಿಸುತ್ತೇನೆ. ಸ್ವಂತ ಮಾವ, ಅಜ್ಜ, ಗೈಡ್ ಬಗ್ಗೆ ನೇರವಾಗಿ ಪುಟ ಮಾಡಬಾರದು. ಇಲ್ಲಿ ಎಲ್ಲರೂ ಎಲ್ಲರಿಗೂ ಹೇಗೋ ನೆಂಟರೇ, ಹಾಗಾಗಿ ಸಂಬಂಧ ಇದ್ದರೆ ಚರ್ಚಾ ಪುಟದಲ್ಲಿ ಮೊದಲೇ ಬರೆದು, ಲೇಖನವನ್ನು ಕರಡು ಬರೆಯುವ ಪ್ರಯೋಗಪುಟದಲ್ಲಿ ಇಟ್ಟು ಬೇರೆಯವರಿಗೆ ತೋರಿಸಬೇಕು. ಬದುಕಿರುವವರ ಮನೆ ವಿಳಾಸ, ಮಕ್ಕಳ ಹೆಸರು, ಆರೋಗ್ಯದ ವಿಷಯ ಬೇಡ. 'ಬಾಲ್ಯದಿಂದಲೇ ಚುರುಕು' ಥರದ ಸಾಲು ಬೇಡ. ಮೊದಲ ಪ್ಯಾರಾದಲ್ಲೇ ಅವರು ಕಂಡುಹಿಡಿದದ್ದು ಏನು ಅಂತ ಹತ್ತನೇ ಕ್ಲಾಸಿನವರಿಗೆ ಅರ್ಥ ಆಗುವ ಹಾಗೆ ಬರೆಯಬೇಕು. ಅದನ್ನು ಬರೆಯಲಿಕ್ಕೇ ಆಗದಿದ್ದರೆ ಲೇಖನಕ್ಕೆ ಕೈ ಹಾಕಬಾರದು.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಶಿಕ್ಷಣ, ಸಂಶೋಧನೆಯವರಿಗೆಂದು ಕನ್ನಡದಲ್ಲಿ, ಸರಳವಾಗಿ, ಕೃಷಿ ವಿಜ್ಞಾನವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಮಾನದಂಡವನ್ನು ಚರ್ಚಿಸಿ ಬರೆಯಿರಿ. ತಳಿ ಬಿಡುಗಡೆಯ ಅಧಿಸೂಚನೆ, ಸಂಶೋಧನಾ ಸಂಸ್ಥೆಗಳ ಹಳೆಯ ಬುಲೆಟಿನ್‌ಗಳನ್ನು ಎಲ್ಲಿಯವರೆಗೆ ಒಪ್ಪುತ್ತೀರಿ ಅಂತ ಸ್ಪಷ್ಟ ಮಾಡಿ. ಒಂದು ಲೇಖನ ಬೇಡ ಅನ್ನಿಸಿದರೆ 'ಗಮನಾರ್ಹವಲ್ಲ' ಅಂತ ಒಂದೇ ಪದ ಬರೆದು ಬಿಡಬೇಡಿ. ಯಾವ ಮಾನದಂಡ ನೋಡಿದಿರಿ, ಏನು ಸಿಗಲಿಲ್ಲ, ಏನು ಸಿಕ್ಕರೆ ಉಳಿಸಬಹುದು ಅಂತ ಎರಡು ಸಾಲು ಬರೆಯಿರಿ. 20 ವರ್ಷದ ಒಬ್ಬ ಹುಡುಗಿ ಗ್ರಂಥಾಲಯದಲ್ಲಿ ಕೂತು ಧೂಳು ಹಿಡಿದ ವರದಿ ತೆಗೆದು ಬರೆದಿರುತ್ತಾಳೆ. ಆ ಎರಡು ಸಾಲು ಸಿಕ್ಕರೆ ಮತ್ತೆ ಹುಡುಕುತ್ತಾಳೆ. ಸಿಗದಿದ್ದರೆ ಮತ್ತೆ ಬರುವುದಿಲ್ಲ.

ನಮ್ಮ ಮೊದಲ ಕರಡು ಜೆ. ಎಸ್. ಪಟೇಲ್ ಬಗ್ಗೆ. ನೀಲೇಶ್ವರದ ಪ್ರಯೋಗದ ವಿವರಕ್ಕೆ ಮೂಲ ಪ್ರಕಟಣೆಯನ್ನೂ, ಅವರ ಹೆಸರು ಬರುವ ನಂತರದ ವಿಮರ್ಶಾ ಪ್ರಬಂಧಗಳನ್ನೂ ಮಕ್ಕಳು ಒಟ್ಟು ಮಾಡುತ್ತಿದ್ದಾರೆ. ಮುಗಿದ ಕೂಡಲೇ ಪ್ರಯೋಗಪುಟಕ್ಕೆ ಹಾಕಿ ನಿಮ್ಮನ್ನು ಕರೆಯುತ್ತಾರೆ. ದಯವಿಟ್ಟು ಬಂದು ನೋಡಿ, ತಪ್ಪಿದ್ದರೆ ತಿದ್ದಿ, ಕೊರತೆ ಇದ್ದರೆ ಹೇಳಿ.

ಇಂತಿ,
ಒಬ್ಬ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಿಕೆ
ಕಾಸರಗೋಡು